ಜನರೇಟರ್ ಎಳೆಯಲು ಪಿಕಪ್ ಹುಡುಕಿದ್ದು

ಕಾಸರಗೋಡಿನ ಮುಳ್ಳೇರಿಯದ ಹತ್ತಿರ ನಮ್ಮ ಮನೆ. ಜನರೇಟರ್ ಮತ್ತು ಲೈಟು ಬಾಡಿಗೆಗೆ ಕೊಡುವುದು ನನ್ನ ಕೆಲಸ. ದೀಪಾವಳಿ ಕಳೆದು ಯಕ್ಷಗಾನದ ಆಟ, ಭೂತಕೋಲ, ಜಾತ್ರೆ ಶುರುವಾದರೆ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ರಾತ್ರಿ ನಿದ್ದೆ ಅಂತ ಇಲ್ಲ. ಮಳೆಗಾಲದಲ್ಲಿ ಅಡಕೆ ತೋಟ ನೋಡಿಕೊಂಡು ಮನೆಯಲ್ಲಿ ಇರುತ್ತೇನೆ.

ಊರಿಗೆ ಬರುವ ಮೊದಲು ಒಂಬತ್ತು ವರ್ಷ ಶಾರ್ಜಾದಲ್ಲಿದ್ದೆ. ನಮ್ಮ ಕಡೆಯಲ್ಲಿ ಮನೆಗೊಬ್ಬರು ಗಲ್ಫಿನವರು, ಅದೇನೂ ವಿಶೇಷ ಅಲ್ಲ. ಅಲ್ಲೂ ನಾನು ಎಳೆಯುತ್ತಿದ್ದದ್ದು ಜನರೇಟರನ್ನೇ. ಕೈಯಲ್ಲಿ ಇದ್ದದ್ದು ಫೋರ್ಡ್ ಎಫ್-250. 6.2 ಲೀಟರಿನ, ಎಂಟು ಸಿಲಿಂಡರಿನ ವಿ8 ಪೆಟ್ರೋಲ್ ಎಂಜಿನ್, 385 ಕುದುರೆ ಶಕ್ತಿ. ಹಿಂದೆ ಎರಡೂವರೆ ಟನ್ ಕಟ್ಟಿದ್ದರೂ ಅದು ಇದೆ ಅನ್ನುವುದೇ ಮರೆತುಹೋಗುತ್ತಿತ್ತು. ಮೊಣಕಾಲಿನ ಹತ್ತಿರ ಒಂದು ಸಣ್ಣ ಪೆಟ್ಟಿಗೆ. ಬ್ರೇಕ್ ಒತ್ತಿದರೆ ಟ್ರೇಲರಿನ ಚಕ್ರದಲ್ಲಿದ್ದ ಎಲೆಕ್ಟ್ರಿಕ್ ಬ್ರೇಕಿಗೂ ಆ ಪೆಟ್ಟಿಗೆಯಿಂದ ಕರೆಂಟು ಹೋಗುತ್ತಿತ್ತು. ಅದರ ಬೆಲೆ ನನಗೆ ಆಗ ಗೊತ್ತಾಗಲಿಲ್ಲ. ಎಲ್ಲಾ ಎಂಜಿನಿನ ತಾಕತ್ತು ಅಂತಲೇ ಅಂದುಕೊಂಡಿದ್ದೆ.

ಊರಲ್ಲಿ ಒಂದು ಹಳೇ ಪಿಕಪ್ ತೆಗೆದುಕೊಂಡೆ. ಯಾವ ಕಂಪನಿಯದ್ದು ಅಂತ ಹೇಳುವುದಿಲ್ಲ, ಯಾಕೆಂದರೆ ತಪ್ಪು ಅದರದ್ದಲ್ಲ. ಟ್ರೇಲರಿನ ಮೇಲೆ 40 ಕೆವಿಎ ಸಾಮರ್ಥ್ಯದ ಜನರೇಟರ್ ಕೂರಿಸಿ ಸಿಕ್ಕಿದ್ದನ್ನು ಹಾಗೆಯೇ ಕೊಂಡಿದ್ದೆ. ತೂಕ ಎಷ್ಟು ಅಂತ ಕೇಳಿದರೆ "ಒಂದು ಟನ್ ಇರಬಹುದು" ಅಂದಿದ್ದರು. ಎರಡು ಸೀಸನ್ ಅದನ್ನೇ ನಂಬಿಕೊಂಡು ಓಡಿಸಿದೆ. ಹತ್ತುವಲ್ಲಿ ಎಂಜಿನ್ ಸ್ವಲ್ಪ ಗೊಣಗುತ್ತಿತ್ತು, ಅಷ್ಟೆ.

2023ರ ಏಪ್ರಿಲಿನ ಒಂದು ಬೆಳಗಿನ ಜಾವ. ಆಟ ಮುಗಿಸಿ ಬದಿಯಡ್ಕ ಕಡೆಯಿಂದ ಬರುತ್ತಿದ್ದೆವು, ಜೊತೆಗೆ ಇಬ್ಬರು ಹುಡುಗರು. ಆ ವರ್ಷದ ಮೊದಲ ಮಳೆ ಬಿದ್ದು ರಸ್ತೆ ಜಾರುತ್ತಿತ್ತು. ಇಳಿತದಲ್ಲಿ ಒಂದು ತಿರುವು ಬಂತು, ಬ್ರೇಕ್ ಒತ್ತಿದೆ. ಪಿಕಪ್ ನಿಧಾನ ಆಯಿತು, ಟ್ರೇಲರ್ ಆಗಲಿಲ್ಲ. ಯಾರೋ ಹಿಂದಿನಿಂದ ಎರಡು ಕೈ ಹಚ್ಚಿ ನೂಕಿದ ಹಾಗೆ ಆಯಿತು. ಹಿಂದಿನ ಚಕ್ರ ಬದಿಗೆ ಸರಿಯಿತು. ಸ್ಟೇರಿಂಗ್ ಎತ್ತ ತಿರುಗಿಸಿದರೂ ಅದು ತನ್ನಷ್ಟಕ್ಕೆ ಹೋಗಿ ಮುರಕಲ್ಲಿನ ಬರೆಗೆ, ಅಂದರೆ ರಸ್ತೆಗಾಗಿ ಕಡಿದ ಗುಡ್ಡೆಯ ಬದಿಗೆ, ಒರಗಿ ನಿಂತಿತು. ಒಂದು ಲೈಟು ಒಡೆಯಿತು, ಬೇರೆ ಏನೂ ಆಗಲಿಲ್ಲ. ಬ್ರೇಕಿನ ಸುಟ್ಟ ವಾಸನೆ ಮಾತ್ರ ಮನೆ ಮುಟ್ಟುವವರೆಗೂ ಇತ್ತು. ಹುಡುಗರು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಮಾರನೇ ದಿನ ಟ್ರೇಲರನ್ನು ವೇಬ್ರಿಡ್ಜಿಗೆ ಒಯ್ದು, ಕಳಚಿ, ಅದನ್ನೊಂದನ್ನೇ ತೂಗಿಸಿದೆ. 1,640 ಕೆಜಿ! ಡೀಸೆಲ್, ಕವಚ, ಕಬ್ಬಿಣದ ಚೌಕಟ್ಟು ಎಲ್ಲಾ ಸೇರಿ. ನನ್ನ ಪಿಕಪ್ ಖಾಲಿ ಇದ್ದಾಗ ಎಷ್ಟು ತೂಗುತ್ತಿತ್ತೋ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಬ್ರೇಕ್ ಇರುವ ಒಂದು ಗಾಡಿ, ಬ್ರೇಕ್ ಇಲ್ಲದ ಇನ್ನೊಂದು ಗಾಡಿಯನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡೆ ಇಳಿಯುತ್ತಿತ್ತು. ಶಾರ್ಜಾದಲ್ಲಿ ಎಫ್-250ರದ್ದೇ ತೂಕ ಮೂರು ಟನ್ನಿನ ಹತ್ತಿರ, ಮೇಲಿಂದ ಟ್ರೇಲರಿಗೆ ಅದರದ್ದೇ ಬ್ರೇಕ್. ರಸ್ತೆಯೋ ಅಂಗೈಯ ಹಾಗೆ ಸಪಾಟು.

ಹೊಸ ಪಿಕಪ್ ಹುಡುಕಲು ಹೊರಟದ್ದು 2024ರಲ್ಲಿ. ಐದು ಜನ ಕೂರಬೇಕು, ಯಾಕೆಂದರೆ ಲೈಟು ಕಟ್ಟುವ ಹುಡುಗರು ನನ್ನ ಜೊತೆಯೇ ಬರುವುದು. ಹಿಂದೆ ಕೇಬಲ್ ಪೆಟ್ಟಿಗೆ ಇಡಲು ಜಾಗ ಬೇಕು. ಆಟ, ಕೋಲ ನಡೆಯುವ ಬಾಕಿಮಾರು ಗದ್ದೆಯಲ್ಲಿ ಮಳೆ ಬಂದರೂ ಹೊರಗೆ ಬರಬೇಕು. ಮತ್ತೆ ನನ್ನ ಸೊಂಟ ಉಳಿಯಬೇಕು.

ಮೊದಲು ಕೂತು ನೋಡಿದ್ದು ನೆರೆಮನೆಯವರ ಇಸುಜು ವಿ-ಕ್ರಾಸ್. ಅವರೂ ದುಬೈಯಿಂದ ಬಂದವರೇ. 1.9 ಲೀಟರ್ ಡೀಸೆಲ್, 163 ಪಿಎಸ್ (ಹೆಚ್ಚುಕಮ್ಮಿ ಕುದುರೆ ಶಕ್ತಿಯೇ), 360 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ. ನನ್ನ ಟ್ರೇಲರ್ ಕಟ್ಟಿ ಗುಡ್ಡೆ ಹತ್ತಿಸಿದೆ. ಗೇರ್ ಬದಲಿಸುವ ಗೊಡವೆಯೇ ಇಲ್ಲ. ಸೀಟು ಕಾರಿನ ಹಾಗೆ. ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ? ಟೊಯೋಟಾ ಹಿಲಕ್ಸನ್ನು ಶೋರೂಮಿನಲ್ಲೇ ನೋಡಿ ಬಂದೆ. 2.8 ಲೀಟರ್, 204 ಪಿಎಸ್, ಆಟೋಮ್ಯಾಟಿಕ್ ಆದರೆ 500 ಎನ್‌ಎಂ. ನಮ್ಮ ಬಿಡದಿಯಲ್ಲೇ ಜೋಡಿಸುತ್ತಾರೆ. ಬೆಲೆ ಆಗ 30 ಲಕ್ಷದ ಆಚೆ ಇತ್ತು. ನನ್ನ ಇಡೀ ವ್ಯಾಪಾರವನ್ನು ಮಾರಿದರೂ ಅಷ್ಟು ಹುಟ್ಟುವುದಿಲ್ಲ.

ದುಡ್ಡು ಇದ್ದಿದ್ದರೂ ನಾನು ಇವೆರಡನ್ನು ಬಿಡುತ್ತಿದ್ದೆ. ಎರಡೂ ಓಡುವುದು ಬಿಳಿ ನಂಬರ್ ಪ್ಲೇಟಿನಲ್ಲಿ. ನನ್ನದು ಬಾಡಿಗೆ ಕೆಲಸ. ಆಟಕ್ಕೆ ಜನರೇಟರ್ ಇಳಿಸಿ ದುಡ್ಡು ತೆಗೆದುಕೊಳ್ಳುವವನಿಗೆ ಹಳದಿ ಪ್ಲೇಟೇ ಸರಿ. ಏನಾದರೂ ಆದ ಮೇಲೆ ಇನ್ಶೂರೆನ್ಸಿನವರ ಎದುರು ಕೈಕಟ್ಟಿ ನಿಲ್ಲುವುದು ಯಾರಿಗೆ ಬೇಕು? ಇನ್ನೊಂದು ಅಡ್ಡಿ ಉದ್ದ. ಎರಡೂ ಐದೂಕಾಲು ಮೀಟರಿಗಿಂತ ಜಾಸ್ತಿ. ಅದರ ಹಿಂದೆ ಟ್ರೇಲರ್ ಕಟ್ಟಿಕೊಂಡು ನಮ್ಮ ಭಜನಾ ಮಂದಿರಗಳ ಗೇಟಿನಲ್ಲಿ ತಿರುಗಿಸಿ ನೋಡಿ, ಗೊತ್ತಾಗುತ್ತದೆ.

ಉಳಿದದ್ದು ಎರಡು. ಮಹೀಂದ್ರ ಬೊಲೆರೊ ಕ್ಯಾಂಪರ್: 2.5 ಲೀಟರ್, 75 ಕುದುರೆ ಶಕ್ತಿ, 200 ಎನ್‌ಎಂ. ಟಾಟಾ ಯೋಧ ಕ್ರೂ ಕ್ಯಾಬ್ (ಎರಡು ಸಾಲು ಸೀಟಿನದು): 2.2 ಲೀಟರ್, 100 ಪಿಎಸ್, 250 ಎನ್‌ಎಂ. ನಮ್ಮ ಊರಲ್ಲಿ ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಕ್ಯಾಂಪರ್ ತಗೊಳ್ಳಿ ಅನ್ನುತ್ತಾರೆ. ಕಣ್ಣುಮುಚ್ಚಿ ರಿಪೇರಿ ಮಾಡುವಷ್ಟು ಕೈ ಪಳಗಿದೆ ಅವರಿಗೆ. ಸಾಮಾನು ಹೇರಿಕೊಂಡು ಹೋಗುವವನಾಗಿದ್ದರೆ ನಾನೂ ಅದನ್ನೇ ತೆಗೆದುಕೊಳ್ಳುತ್ತಿದ್ದೆ. ನನಗೆ ಎಳೆಯಲು 50 ಎನ್‌ಎಂ ಜಾಸ್ತಿ ಬೇಕಿತ್ತು. ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನಿನ ಶಕ್ತಿ ಹೋಗುವ ಯೋಧ 4x4 ಬುಕ್ ಮಾಡಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಹೋದ ಒಂದು ಶೋರೂಮಿನಲ್ಲಿ ಎಷ್ಟು ಎಳೆಯಬಹುದು ಅಂತ ಕೇಳಿದರೆ ಎಷ್ಟು ಹೇರಬಹುದು ಅಂತ ಹೇಳಿದರು. ಎರಡೂ ಒಂದೇ ಅಂತ ಅವರ ಲೆಕ್ಕ. ಹೇರುವುದು ಸ್ಪ್ರಿಂಗು, ಆಕ್ಸಲಿನ ಕೆಲಸ. ಎಳೆಯುವುದು ಕ್ಲಚ್ಚು, ಚಾಸಿ, ಬ್ರೇಕಿನ ಕೆಲಸ. ಟ್ರೇಲರಿನ ಮೂತಿ (ಮುಂದಿನ ತುದಿ) ಪಿಕಪ್ಪಿನ ಹಿಂದಿನ ಕೊಕ್ಕೆಯ ಮೇಲೆ ಕೂರುವ ಭಾರ ಇದೆಯಲ್ಲ, ಅದು ಮಾತ್ರ ಹೇರಿಕೆಯ ಲೆಕ್ಕಕ್ಕೆ ಸೇರುತ್ತದೆ. ಕೊಕ್ಕೆಯನ್ನು ಬಂಪರಿಗೆ ವೆಲ್ಡ್ ಮಾಡಿಸಬೇಡಿ. ಚಾಸಿಗೇ ಬೋಲ್ಟ್ ಹಾಕಿಸಿ. ಎರಡು ಸಂಕೋಲೆಗಳನ್ನು ಮೂತಿಯ ಅಡಿಯಲ್ಲಿ ಕತ್ತರಿ ಹಾಕಿ ಕಟ್ಟಿ. ಕೊಕ್ಕೆ ತಪ್ಪಿದರೆ ಮೂತಿ ನೆಲಕ್ಕೆ ಚುಚ್ಚದೆ ಆ ತೊಟ್ಟಿಲಲ್ಲಿ ಬೀಳುತ್ತದೆ.

ಆ ಮೂತಿಯ ಭಾರ ತಿಳಿಯಲು ನಾನು ಮಾಡಿದ್ದು ಹೀಗೆ. ಅಂಗಳ ಸಪಾಟು ಇರುವ ಕಡೆ ಟ್ರೇಲರ್ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆ. ಒಂದು ದಪ್ಪ ಹಲಗೆ. ಅದರ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ಮನೆಯಲ್ಲಿ ಮೈ ತೂಕ ನೋಡುವ ಯಂತ್ರದ ಮೇಲೆ, ನಡುವೆ ಮೂರು ಅಡಿ. ಹಲಗೆ ಇಟ್ಟ ಮೇಲೆ ಯಂತ್ರವನ್ನು ಸೊನ್ನೆಗೆ ತಂದೆ. ಟ್ರೇಲರಿನ ಮೂತಿಯನ್ನು ಇಟ್ಟಿಗೆಯಿಂದ ಒಂದು ಅಡಿ ದೂರದಲ್ಲಿ ಹಲಗೆಯ ಮೇಲೆ ಕೂರಿಸಿದೆ. ಯಂತ್ರದಲ್ಲಿ ಬಂದದ್ದನ್ನು ಮೂರರಿಂದ ಗುಣಿಸಿದರೆ ಆಯಿತು. ನೇರವಾಗಿ ಇಟ್ಟರೆ ಆ ಬಡಪಾಯಿ ಯಂತ್ರ ಒಡೆದೀತು.

ಬಂದದ್ದು 22. ಮೂರು ಪಾಲು ಅಂದರೆ 66 ಕೆಜಿ. ಒಟ್ಟು ತೂಕದ ಹತ್ತನೇ ಒಂದು ಪಾಲಿನಷ್ಟು ಮೂತಿಯ ಮೇಲೆ ಇರಬೇಕು ಅಂತ ಶಾರ್ಜಾದಲ್ಲಿ ಕಲಿಸಿದ್ದರು. ಆ ಲೆಕ್ಕದಲ್ಲಿ 160ರ ಆಸುಪಾಸು ಬೇಕು. ಇಲ್ಲಿ ಅರ್ಧವೂ ಇಲ್ಲ. ಕಾರಣ ಆಮೇಲೆ ಹೊಳೆಯಿತು. ಟ್ರೇಲರ್ ಕಟ್ಟಿದವರು ಜನರೇಟರನ್ನು ಬೇಕೆಂದೇ ಹಿಂದಕ್ಕೆ ಕೂರಿಸಿದ್ದರು. ಒಬ್ಬನೇ ಮೂತಿ ಎತ್ತಿ ಕೊಕ್ಕೆಗೆ ಹಾಕಬಹುದಲ್ಲ! ನಾನೂ ಅದನ್ನು ನೋಡಿಯೇ ಒಳ್ಳೆ ಟ್ರೇಲರ್ ಅಂತ ಖುಷಿಪಟ್ಟಿದ್ದೆ.

ಟ್ರೇಲರಿಗೆ ಹೊಸ ಚಾಸಿ ಮಾಡಿಸಿದೆ. ಟ್ರೇಲರಿಗೂ ಬೇರೆಯೇ ರಿಜಿಸ್ಟ್ರೇಷನ್ ಬೇಕು, ಹಾಗಾಗಿ ಅನುಮೋದನೆ ಇರುವವರ ಹತ್ತಿರವೇ ಹೋದೆ. ಜನರೇಟರನ್ನು ಎಂಟು ಇಂಚು ಮುಂದಕ್ಕೆ ಕೂರಿಸಿದೆವು. ಮತ್ತೆ ಹಲಗೆ, ಇಟ್ಟಿಗೆ, ಯಂತ್ರ. ಈ ಸಲ 52, ಅಂದರೆ 156 ಕೆಜಿ. ಈಗ ಎತ್ತಲು ಇಬ್ಬರು ಬೇಕು, ಇಲ್ಲವೇ ಮೂತಿಯ ಗಾಲಿಯನ್ನು ತಿರುಗಿಸಬೇಕು. ಎತ್ತಲಿ.

ಬ್ರೇಕೂ ಹಾಕಿಸಿದೆ. ಎಲೆಕ್ಟ್ರಿಕ್ ಅಲ್ಲ, ಓವರ್‌ರನ್ ಬ್ರೇಕು. ಪಿಕಪ್ ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ನೂಕುತ್ತದಲ್ಲ, ಆ ನೂಕಿಗೇ ಮೂತಿಯ ಕೊಳವೆ ಒಳಗೆ ಸರಿದು ತಂತಿಯನ್ನು ಎಳೆಯುತ್ತದೆ. ಚಕ್ರದ ಡ್ರಮ್ಮಿನಲ್ಲಿ ಬ್ರೇಕ್ ಹಿಡಿಯುತ್ತದೆ. ಯಾವ ನೂಕು ನನ್ನನ್ನು ಬರೆಗೆ ಒರಗಿಸಿತ್ತೋ ಅದೇ ಈಗ ಬ್ರೇಕ್ ಒತ್ತುತ್ತದೆ. ಒಂದೇ ತೊಂದರೆ ಅಂದರೆ ಹಿಂದಕ್ಕೆ ತೆಗೆಯುವಾಗಲೂ ಅದು ಹಿಡಿದುಕೊಳ್ಳುತ್ತದೆ. ಇಳಿದು ಒಂದು ಸರಳು ಅಡ್ಡ ಹಾಕಬೇಕು. ಮರೆತು ರಿವರ್ಸ್ ಹಾಕಿ, ಕ್ಲಚ್ ಸುಡುವವರೆಗೆ ಎಂಜಿನ್ ಅಬ್ಬರಿಸಿ, "ಗಾಡಿ ಸ್ಟ್ರಕ್ ಆಯ್ತು ಅಣ್ಣಾ" ಅಂತ ಹುಡುಗ ಕೂಗಿದ್ದು ಎರಡು ಸಲ.

ಇಳಿತದಲ್ಲಿ ನನ್ನ ಕ್ರಮ ಈಗ ಬೇರೆ. ಯಾವ ಗೇರಿನಲ್ಲಿ ಹತ್ತಬಹುದೋ ಅದೇ ಗೇರಿನಲ್ಲಿ ಇಳಿಯುವುದು. ಗೇರನ್ನು ಇಳಿತದ ತಲೆಯಲ್ಲೇ ಹಾಕಬೇಕು, ನಡುವೆ ಅಲ್ಲ. ವೇಗ ಎರಡು ಪಾಲಾದರೆ ನಿಲ್ಲಿಸುವ ಕೆಲಸ ನಾಲ್ಕು ಪಾಲು. ಹಾಗಾಗಿ 60ರಲ್ಲಿ ಬರುವವನಿಗಿಂತ 30ರಲ್ಲಿ ಬರುವವನ ಬ್ರೇಕು ಎಷ್ಟೋ ತಣ್ಣಗಿರುತ್ತದೆ. ಹಿಂದಿನವರು ಹಾರ್ನ್ ಹೊಡೆಯಲಿ. ಜಾಗ ಸಿಕ್ಕಲ್ಲಿ ಬದಿಗೆ ನಿಂತು ಬಿಡುತ್ತೇನೆ.

ಮೂತಿ ಭಾರದ ನಿಜವಾದ ಬೆಲೆ ತಿಳಿದದ್ದು ಹೆದ್ದಾರಿಯಲ್ಲಿ. ಬದಿಯಡ್ಕ, ಪೆರ್ಲ ಕಡೆಯ ರಸ್ತೆಯಲ್ಲಿ 40 ದಾಟುವುದೇ ಕಮ್ಮಿ, ಅಲ್ಲಿ ಹಿಂದೆ ಭಾರ ಇದ್ದರೂ ಟ್ರೇಲರ್ ಸುಮ್ನೆ ಬರುತ್ತದೆ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆದ ಮೇಲೆ ಗೊತ್ತಿಲ್ಲದೆಯೇ ಮುಳ್ಳು 70ಕ್ಕೆ ಹೋಗುತ್ತದೆ. ಅದೇ ದಾರಿಯಲ್ಲಿ, ಮೂತಿ ಹಗುರವಾಗಿ ಭಾರವೆಲ್ಲ ಹಿಂದಕ್ಕೆ ಇರುವ ಬೇರೆಯವರ ಟ್ರೇಲರ್ ಬಾಲ ಆಡಿಸುವುದನ್ನು ನೋಡಿದ್ದೇನೆ. ಬಸ್ಸೊಂದು ಪಕ್ಕದಲ್ಲಿ ಹಾದುಹೋದರೆ ಸಾಕು, ಶುರು. ಹಾಗೆ ಆದರೆ ಸ್ಟೇರಿಂಗಿನಲ್ಲಿ ಸರಿಮಾಡಲು ಹೋಗಬಾರದು, ಜೋರಾಗಿ ಬ್ರೇಕೂ ಒತ್ತಬಾರದು. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲೇಟರ್ ಬಿಟ್ಟರೆ ತಾನೇ ಇಳಿಯುತ್ತದೆ. ಹಾಗಾಗಿ ನಾನು ಈಗ ಟ್ರೇಲರ್ ಕಟ್ಟಿದರೆ 60 ದಾಟದ ಹಾಗೆ ನೋಡಿಕೊಳ್ಳುತ್ತೇನೆ.

2025ರಲ್ಲಿ ಮಧೂರು ದೇವಸ್ಥಾನದಲ್ಲಿ ಬ್ರಹ್ಮಕಲಶ, ಮೂಡಪ್ಪ ಸೇವೆಯ ಉತ್ಸವ ನಡೆದ ದಿನಗಳಲ್ಲಿ ಫೋರ್ ವೀಲಿನ ಉಪಕಾರ ಆಯಿತು. ನನ್ನ ಕೆಲಸ ಇದ್ದದ್ದು ದೇವಸ್ಥಾನದಲ್ಲಿ ಅಲ್ಲ, ಆಚೆ ಒಂದು ಗದ್ದೆಯಲ್ಲಿ. ಸಂಜೆ ಮಳೆ ಹೊಡೆದು ಗದ್ದೆ ಕೆಸರಾಯಿತು. ಲೋ ರೇಂಜಿಗೆ (ವೇಗ ಕಮ್ಮಿ, ಬಲ ಜಾಸ್ತಿ) ಹಾಕಿ, ಕಾಲನ್ನು ಆಕ್ಸಿಲೇಟರಿನಿಂದ ಪೂರಾ ತೆಗೆದು, ಕ್ಲಚ್ ಮೆಲ್ಲ ಬಿಟ್ಟೆ. ಬಸವನ ಹುಳದ ಹಾಗೆ ತೆವಳಿಕೊಂಡು ಹೊರಗೆ ಬಂತು. ಆ ಹೊತ್ತಿಗೆ ವಿ8 ನೆನಪಾಗಲಿಲ್ಲ.

ಇನ್ನು ಸುಖದ ವಿಷಯ. ಪಿಕಪ್ಪಿನಲ್ಲಿ ಸುಖ ಅಂದರೆ ಶೋರೂಮಿನ ಎದುರು ಖಾಲಿ ಗಾಡಿಯಲ್ಲಿ ಒಂದು ಸುತ್ತು ಹೊಡೆದು ಗೊತ್ತಾಗುವುದಲ್ಲ. ಹಿಂದೆ ಇರುವುದು ಲೀಫ್ ಸ್ಪ್ರಿಂಗು, ಭಾರಕ್ಕೆಂದೇ ಕಟ್ಟಿದ್ದು. ಖಾಲಿ ಇದ್ದರೆ ಪ್ರತಿ ಹೊಂಡಕ್ಕೂ ಕುಪ್ಪಳಿಸುತ್ತದೆ. ಟ್ರೇಲರ್ ಕಟ್ಟಿದ ದಿನ, ಮೂತಿಯ 156 ಕೆಜಿ ಮತ್ತು ಕೇಬಲ್ ಪೆಟ್ಟಿಗೆಯ 300 ಕೆಜಿ ಬಿದ್ದಾಗ, ಅದೇ ಗಾಡಿ ತೇಲಿದ ಹಾಗೆ ಹೋಗುತ್ತದೆ. ಹುಡುಗರು ಹಿಂದಿನ ಸೀಟಿನಲ್ಲಿ ಬಾಯಿ ಕಳೆದು ಮಲಗಿರುತ್ತಾರೆ. ಹಾಗಾಗಿ ಸೀಸನ್ನಿನಲ್ಲಿ ಪೆಟ್ಟಿಗೆ ಇಳಿಸುವುದನ್ನೇ ಬಿಟ್ಟೆ. ಖಾಲಿ ಹೋಗುವುದಾದರೆ ಹಿಂದಿನ ಟಯರಿನ ಗಾಳಿ ಕಮ್ಮಿ ಮಾಡುತ್ತೇನೆ. ಖಾಲಿ ಗಾಡಿಗೆ ಎಷ್ಟು, ಭಾರಕ್ಕೆ ಎಷ್ಟು ಅಂತ ಕಂಪನಿಯ ಪುಸ್ತಕದಲ್ಲೇ ಇರುತ್ತದೆ. ಭಾರ ಕಟ್ಟುವ ಮೊದಲು ಮರೆಯದೆ ತುಂಬಿಸಬೇಕು. ಡ್ರೈವರ್ ಸೀಟಿನ ಸ್ಪಂಜನ್ನು ಸೋಫಾ ಮಾಡುವವರ ಹತ್ತಿರ ಬದಲಿಸಿದೆ. ಸೊಂಟಕ್ಕೆ ಆದ ಉಪಕಾರದಲ್ಲಿ ಅರ್ಧ ಅದರದ್ದು.

ಅಮ್ಮನನ್ನು ತಿಂಗಳಿಗೊಮ್ಮೆ ಮಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಮೊದಲ ಸಲ ಖಾಲಿ ಪಿಕಪ್ಪಿನಲ್ಲಿ ಕೂತು ಮುಳ್ಳೇರಿಯದಿಂದ ಹೆದ್ದಾರಿ ಮುಟ್ಟುವವರೆಗೆ ಮೇಲಿನ ಹಿಡಿ ಬಿಡಲಿಲ್ಲ. ಎರಡನೇ ಸಲ ಪೆಟ್ಟಿಗೆ ಹಿಂದೆಯೇ ಇತ್ತು, ಕುಂಬಳೆ ಬರುವಾಗ ನಿದ್ದೆ ಹೋಗಿದ್ದರು. ಈಗ ಬಾಗಿಲು ತೆಗೆದು ಹತ್ತುವ ಮೊದಲು ಒಂದು ಸಲ ಹಿಂದಕ್ಕೆ ಬಗ್ಗಿ ನೋಡುತ್ತಾರೆ. "ಪೆಟ್ಟಿಗೆ ಉಂಟಲ್ಲ?"