ಟೀಮಿನಲ್ಲಿ ಒಬ್ಬರು ರಜೆ ಹಾಕಿದರೆ ಕೆಲಸ ಹೇಗೆ ಸಾಗಿಸುವುದು?

ಪಂಚಮಿ ಹತ್ತಿರ ಬಂತೆಂದರೆ ಹುಬ್ಬಳ್ಳಿಯ ಸಾಫ್ಟ್‌ವೇರ್ ಆಫೀಸುಗಳಲ್ಲಿ ರಜೆ ಅರ್ಜಿ ಶುರುವಾಗುತ್ತವೆ. ತವರಿಗೆ ಹೋಗುವವರು ಹೋಗಲೇಬೇಕು, ಅಲ್ವಾ? ಸ್ಕ್ರಮ್ (ಕೆಲಸವನ್ನು ಚಿಕ್ಕ ಚಿಕ್ಕ ಅವಧಿಗಳಲ್ಲಿ ಮಾಡುತ್ತ ಹೋಗುವ ಪದ್ಧತಿ) ಟೀಮಿನಲ್ಲಿ ಕೆಲಸ ಹಂಚಿಕೊಡುವ ಮೇಲಧಿಕಾರಿ ಇರುವುದಿಲ್ಲ. ಯಾರು, ಏನನ್ನು, ಯಾವಾಗ, ಹೇಗೆ ಮಾಡಬೇಕೆಂದು ಟೀಮೇ ತೀರ್ಮಾನಿಸಬೇಕು ಎನ್ನುತ್ತದೆ 2020ರ ಸ್ಕ್ರಮ್ ಗೈಡ್. ಹಾಗಾಗಿ ರಜೆಯ ಲೆಕ್ಕವೂ ಟೀಮಿನದೇ.

ಇಂಥ ಒಂದು ಅವಧಿಯೇ ಸ್ಪ್ರಿಂಟ್. ಗೊತ್ತಿರುವ ರಜೆಯನ್ನು ಅದರ ಕೆಲಸ ಗೊತ್ತುಮಾಡುವ ಸ್ಪ್ರಿಂಟ್ ಪ್ಲಾನಿಂಗ್ ದಿನವೇ ಕೇಳಿ. ಐದು ಜನ, ಹತ್ತು ದಿನದ ಸ್ಪ್ರಿಂಟ್ ಎಂದರೆ 50 ದಿನದ ಕೆಲಸ. ಇಬ್ಬರು ಎರಡೆರಡು ದಿನ ಇಲ್ಲದಿದ್ದರೆ 46. ಅಷ್ಟಕ್ಕೆ ತಕ್ಕಷ್ಟೇ ಕೆಲಸ ಹಿಡಿಯಿರಿ. ‘ಹೇಗೋ ಮಾಡಿದರಾಯ್ತು’ ಎಂದು ಜಾಸ್ತಿ ತುಂಬಿಕೊಂಡರೆ ಉಳಿದವರ ರಾತ್ರಿ ನಿದ್ದೆ ಹೋಗುತ್ತದೆ.

ಜ್ವರ ಬಂದು ಯಾರಾದರೂ ದಿಢೀರನೆ ರಜೆ ಹಾಕಿದರೆ, ಬೆಳಗಿನ 15 ನಿಮಿಷದ ಡೈಲಿ ಸ್ಕ್ರಮ್ ಸಭೆಯಲ್ಲೇ, ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡ್ ಇರುವ ಬೋರ್ಡ್ ನೋಡಿ. ‘ಅವರ ಕೆಲಸ ಯಾರು ತಗೋತೀರಿ?’ ಎಂದು ಶುರು ಮಾಡಬೇಡಿ. ‘ಸ್ಪ್ರಿಂಟ್ ಗುರಿಗೆ ಇದರಲ್ಲಿ ಯಾವುದು ಬೇಕೇ ಬೇಕು?’ ಎಂದು ಕೇಳಿ. ಬ್ಯಾಡಗಿ ಮೆಣಸಿನಕಾಯಿ ಧಾರಣೆಯನ್ನು ರೈತರಿಗೆ ಎಸ್ಎಂಎಸ್ ಮಾಡುವ ಆ್ಯಪ್ ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ರಜೆಯಲ್ಲಿರುವವರ ಹೆಸರಿನಲ್ಲಿ ಮೂರು ಕಾರ್ಡ್ ಇವೆ: ಎಸ್ಎಂಎಸ್ ಕಳಿಸುವುದು, ವರದಿ ಪುಟದ ಬಣ್ಣ, ಒಂದು ಹಳೇ ಬಗ್. ಗುರಿಗೆ ಬೇಕಾದದ್ದು ಮೊದಲನೆಯದು ಮಾತ್ರ. ಉಳಿದೆರಡು ಕಾಯಲಿ. ಅಷ್ಟೇನೂ ತುರ್ತಿಲ್ಲದ ಕೆಲಸದಲ್ಲಿರುವ ಇಬ್ಬರು ಅದನ್ನು ಬಿಟ್ಟು, ಜೊತೆಗೆ ಕೂತು ಎಸ್ಎಂಎಸ್ ಕಾರ್ಡ್ ಹಿಡಿಯಲಿ. ಇಷ್ಟಾದರೂ ಕೆಲಸ ಮುಗಿಯದು ಎನಿಸಿದರೆ ಏನನ್ನು ಕೈಬಿಡಬಹುದೆಂದು ಅವತ್ತೇ ಪ್ರಾಡಕ್ಟ್ ಓನರ್ (ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವವರು) ಜೊತೆ ಮಾತಾಡಿ.

ಇದೆಲ್ಲ ಸಲೀಸಾಗಿ ಆಗಬೇಕಾದರೆ ಪ್ರತಿ ಸಂಜೆಯ ಒಂದು ಅಭ್ಯಾಸ ಬೇಕು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಮನೆಗೆ ಹೊರಡುವ ಮುಂಚೆ ಅರ್ಧ ಆದ ಕೋಡನ್ನೂ ಟೀಮಿಗೆಲ್ಲ ಸಿಗುವ ಜಾಗಕ್ಕೆ ಪುಶ್ ಮಾಡಿ (ಕಳಿಸಿ), ಕಾರ್ಡಿನ ಮೇಲೆ ನಾಲ್ಕು ಸಾಲು ಬರೆಯಿರಿ: ‘ಮೆಸೇಜ್ ಹೋಗುತ್ತಿದೆ. ನಂಬರ್ ತಪ್ಪಿದ್ದರೆ ಏನು ಮಾಡಬೇಕೆಂಬುದು ಬಾಕಿ. ಕನ್ನಡದಲ್ಲಿ ಒಂದು ಎಸ್ಎಂಎಸ್‌ಗೆ 70 ಅಕ್ಷರವೇ ಮಿತಿ. ಸಾಲು ಉದ್ದವಾದರೆ ಎರಡು ಮೆಸೇಜಿನ ದುಡ್ಡು ಬೀಳುತ್ತದೆ.’ ಕೊನೆಯ ಆ ಮಾತು ಒಬ್ಬರ ತಲೆಯಲ್ಲೇ ಉಳಿದಿದ್ದರೆ ಉಳಿದವರು ಸುಮ್ನೆ ಒಂದು ದಿನ ಪರದಾಡುತ್ತಿದ್ದರು. ಇಲ್ಲವೇ ಜ್ವರದಲ್ಲಿ ಮಲಗಿದವರಿಗೆ ಫೋನ್ ಹಚ್ಚುತ್ತಿದ್ದರು. ದಯವಿಟ್ಟು ಫೋನ್ ಮಾಡಬೇಡಿ. ರಜೆ ಅಂದರೆ ರಜೆ.

ಅವರು ವಾಪಸ್ ಬಂದಾಗ ಹತ್ತು ನಿಮಿಷ ಕೂತು ಏನಾಯಿತೆಂದು ಹೇಳಿ. ಕಾರ್ಡ್ ಮರಳಿ ಕೊಡಲೇಬೇಕೆಂದಿಲ್ಲ.

ಹೆರಿಗೆ ರಜೆಯಂಥ ಉದ್ದನೆಯ ರಜೆಗೆ ತಯಾರಿ ಬೇರೆ. ಕಾನೂನಿನ ಪ್ರಕಾರ ಮೊದಲೆರಡು ಮಕ್ಕಳಿಗೆ ಅದು 26 ವಾರದವರೆಗೆ ಸಿಗುತ್ತದೆ. ತಿಂಗಳ ಮುಂಚಿನಿಂದಲೇ ಇನ್ನೊಬ್ಬರು ಕೀಬೋರ್ಡ್ ಹಿಡಿಯಲಿ, ಹೊರಡುವವರು ಪಕ್ಕದಲ್ಲಿ ಕೂತು ಹೇಳಲಿ. ಸರ್ವರ್, ಎಸ್ಎಂಎಸ್ ಖಾತೆಗಳಿಗೆ ಎರಡನೆಯವರ ಹೆಸರಿನಲ್ಲೂ ಲಾಗಿನ್ ಮಾಡಿಸಿ. ಅವರು ಒಮ್ಮೆ ಒಳಗೆ ಹೋಗಿ ಒಂದು ಮೆಸೇಜ್ ಕಳಿಸಿ ನೋಡಲಿ.