ಬಿಎ ಸೇರುವ ಮುಂಚೆ ಕಾಂಬಿನೇಷನ್ ನೋಡಿ

ಪಿಯುಸಿ ಆಯಿತು, ಬಿಎ ಅಂತ ತೀರ್ಮಾನವೂ ಆಯಿತು. ಕಾಲೇಜಿನ ಹೆಸರಿಗಿಂತ ಮೊದಲು ಕಾಂಬಿನೇಷನ್ ನೋಡಿ. ಐಎಎಸ್ ಕನಸಿರುವವರು ಹೆಚ್ಚಾಗಿ ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಹಿಡಿಯುತ್ತಾರೆ. ಆದರೆ ಯುಪಿಎಸ್‌ಸಿಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ, ಅಲ್ಲಿನ 500 ಅಂಕದ ಐಚ್ಛಿಕ ವಿಷಯ ಕೂಡ ಬಿಎಯಲ್ಲಿ ಓದಿದ್ದೇ ಆಗಬೇಕೆಂದಿಲ್ಲ, ಹಾಗಾಗಿ ಅದೊಂದೇ ಕಾರಣಕ್ಕೆ ಇಷ್ಟವಿಲ್ಲದ ಅರ್ಥಶಾಸ್ತ್ರವನ್ನು ಸುಮ್ನೆ ತಲೆ ಮೇಲೆ ಹೊತ್ತುಕೊಳ್ಳಬೇಡಿ. ಮೇಷ್ಟ್ರಾಗುವ ಆಸೆ ಇದ್ದರೆ ಮಾತ್ರ ಹುಷಾರು. ಎಂಎ, ಬಿಎಡ್ ಸೀಟು ಕೊಡುವಾಗ ಡಿಗ್ರಿಯಲ್ಲಿ ಏನು ಓದಿದ್ದೀರಿ ಅಂತ ನೋಡುತ್ತಾರೆ. ಕನ್ನಡ ಎಂಎ ಮನಸ್ಸಿನಲ್ಲಿದ್ದರೆ ಐಚ್ಛಿಕ ಕನ್ನಡ ಇರುವ ಕಾಂಬಿನೇಷನ್ನೇ ಕ್ಷೇಮ. ಅರ್ಜಿ ಹಾಕುವ ಮುಂಚೆ ಅಲ್ಲಿನ ಸೀನಿಯರ್‌ಗಳನ್ನು ಹಿಡಿದು ಕೇಳಿ: ಆ ವಿಷಯಕ್ಕೆ ಕಾಯಂ ಮೇಷ್ಟ್ರು ಇದ್ದಾರಾ, ಕ್ಲಾಸ್ ನಿಜವಾಗಿ ನಡೆಯುತ್ತದಾ, ಲೈಬ್ರರಿಯಲ್ಲಿ ಪುಸ್ತಕ ಮನೆಗೆ ಕೊಡುತ್ತಾರಾ?