ನಾನೇ ಬಚ್ಚಿಟ್ಟ ಸಂದೇಶ ನನ್ನ ಕೋಡಿಗೇ ಕಾಣಲಿಲ್ಲ

ಎರಡು ದಿನ ತಲೆ ಕೆಡಿಸಿಕೊಂಡೆ. ಫೋಟೋದೊಳಗೆ ಸಂದೇಶ ಬಚ್ಚಿಡುವ ಜೆಸ್ಟೆಗ್ ಎಂಬ ಪ್ರೋಗ್ರಾಂನಿಂದ ನಾನೇ ಸಂದೇಶ ತುಂಬಿದ್ದ ಜೆಪೆಗ್ ಫೋಟೋ ಕೊಟ್ಟರೂ, ಅಂಥ ಸಂದೇಶವನ್ನು ಎಣಿಕೆಯಿಂದ ಪತ್ತೆ ಮಾಡಬೇಕಿದ್ದ ನನ್ನ ಕೈ-ಸ್ಕ್ವೇರ್ ಪರೀಕ್ಷೆ ‘ಏನೂ ಇಲ್ಲ’ ಅಂತಲೇ ಹೇಳುತ್ತಿತ್ತು.

ಮೊದಲ ತಪ್ಪು ಬೇಗ ಸಿಕ್ಕಿತು. ನಾನು ಪಿಕ್ಸೆಲ್ ಎಣಿಸುತ್ತಿದ್ದೆ. ಜೆಸ್ಟೆಗ್ ಬಚ್ಚಿಡುವುದು ಅಲ್ಲಲ್ಲ, 8×8 ಪಿಕ್ಸೆಲ್ ಚೌಕಗಳಿಂದ ಲೆಕ್ಕ ಹಾಕಿ ಜೆಪೆಗ್ ಫೈಲ್‌ನಲ್ಲಿ ಉಳಿಸುವ ಡಿಸಿಟಿ ಅಂಕಿಗಳ ಕೊನೆಯ ಬಿಟ್‌ನಲ್ಲಿ. ಜೆಪೆಗ್ ಫೈಲ್ ಓದುವ ಲಿಬ್‌ಜೆಪೆಗ್ ಲೈಬ್ರರಿ ಬಳಸಿ ಅವನ್ನೇ ನೇರವಾಗಿ ಓದಿಸಿದೆ.

ಆದರೂ ಅದೇ ಉತ್ತರ! ವೆಸ್ಟ್‌ಫೆಲ್ಡ್ ಮತ್ತು ಫಿಟ್ಸ್‌ಮನ್ 1999ರಲ್ಲಿ ತೋರಿಸಿದ ಈ ಪರೀಕ್ಷೆಯ ಗುಟ್ಟು ಇಷ್ಟೇ: ಸಂದೇಶ ತುಂಬಿದರೆ 2 ಮತ್ತು 3, 4 ಮತ್ತು 5, ಹೀಗೆ ಕೊನೆಯ ಬಿಟ್ ಮಾತ್ರ ಬೇರೆ ಇರುವ ಪ್ರತಿ ಜೋಡಿಯಲ್ಲಿ ಎರಡೂ ಅಂಕಿಗಳ ಎಣಿಕೆ ಹೆಚ್ಚುಕಡಿಮೆ ಸಮ ಆಗುತ್ತದೆ. ಆದರೆ ಜೆಸ್ಟೆಗ್ 0 ಮತ್ತು 1ನ್ನು ಮುಟ್ಟುವುದೇ ಇಲ್ಲ, ನಾನು ಸುಮ್ನೆ ಆ ಜೋಡಿಯನ್ನೂ ಲೆಕ್ಕಕ್ಕೆ ಸೇರಿಸಿದ್ದೆ, ಸೊನ್ನೆಗಳೋ ರಾಶಿ ರಾಶಿ ಇರುತ್ತವಲ್ವಾ, ಆ ಒಂದು ಜೋಡಿಯ ವ್ಯತ್ಯಾಸವೇ ಉಳಿದದ್ದನ್ನೆಲ್ಲ ಮುಳುಗಿಸುತ್ತಿತ್ತು. ಒಂದೇ ಸಾಲು ಸೇರಿಸಿ ಅದನ್ನು ಬಿಟ್ಟೆ. ಸಂದೇಶ ಇದೆ ಅಂತ ತಕ್ಷಣ ಹೇಳಿತು.

ಎಫ್5 ಎಂಬ ಇನ್ನೊಂದು ಬಚ್ಚಿಡುವ ವಿಧಾನ ಬಳಸಿದ ಫೋಟೋಗಳಿಗೆ ಮಾತ್ರ ಇದು ನಡೆಯಲ್ಲ. ಅದು ಬಿಟ್ ಬದಲಿಸುವ ಬದಲು ಅಂಕಿಯ ಗಾತ್ರವನ್ನೇ ಒಂದು ಕಡಿಮೆ ಮಾಡುತ್ತದೆ, ಜೋಡಿಗಳು ಸಮ ಆಗುವುದಿಲ್ಲ.